ಗೋಡೆಯ ಮೇಲಿನ ಪಾಠ

‘ದೇಶ ಸುತ್ತು, ಕೋಶ ಓದು’ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಮಾತೇನೋ ದೊಡ್ಡದು. ಆದರೆ ದೇಶ ಸುತ್ತಲು ದುಡ್ಡು ಬೇಕು, ಕೋಶ ಓದಲು ಅಕ್ಷರ ಬೇಕು. ನಮ್ಮ ಮನೆಯಲ್ಲಿ ಮೊದಲನೆಯದು ಎಂದೂ ಇರಲಿಲ್ಲ. ಎರಡನೆಯದು ನನ್ನಿಂದಲೇ ಆರಂಭವಾಯಿತು. ಇಂಥ ಮನೆಯವರಿಗೆ ಮೂರನೆಯ ದಾರಿಯೊಂದು ತೆರೆದಿದೆಯೆಂದು ಈಚೆಗೆ ನನಗೆ ತೋರುತ್ತಿದೆ. ಅದೇ ವಿಡಿಯೋ ಪಾಠ.

ಯೂಟ್ಯೂಬಿಗೆ ಮೊಟ್ಟಮೊದಲ ವಿಡಿಯೋ ಏರಿದ್ದು 2005ರ ಏಪ್ರಿಲ್ 23ರಂದು. ಅಮೆರಿಕೆಯ ಸ್ಯಾನ್ ಡಿಯಾಗೋ ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತು ಒಬ್ಬ ತರುಣ 19 ಸೆಕೆಂಡು ಮಾತನಾಡುತ್ತಾನೆ, ಅಷ್ಟೆ. ನಾನು ಹುಟ್ಟಿದ್ದೂ ಅದೇ ವರ್ಷ. ಆದ್ದರಿಂದ ನಾವಿಬ್ಬರೂ ಓರಗೆಯವರೆಂದರೆ ವಾಚಕರು ನಗಬಾರದು.

ನಮ್ಮ ಮೊದಲ ಪರಿಚಯ ಮಾತ್ರ ಸುಖದ್ದಾಗಿರಲಿಲ್ಲ. 2020ರ ಮಾರ್ಚಿನಲ್ಲಿ ಕೊರೊನಾದ ದೆಸೆಯಿಂದ ಶಾಲೆಗಳು ಮುಚ್ಚಿದವು. ಹತ್ತನೆಯ ತರಗತಿಯ ಎಷ್ಟೋ ಪಾಠಗಳು ನಮಗೆ ಮೊಬೈಲಿನಲ್ಲಿ ಬಂದವು. ಮನೆಗೆಲ್ಲ ಇದ್ದುದು ಒಂದೇ ಮೊಬೈಲು. ಬೆಳಗಾದರೆ ಅದು ಅಪ್ಪನ ಕಿಸೆಯಲ್ಲಿ ಕುಳಿತು ಕೂಲಿಗೆ ಹೋಗುತ್ತಿತ್ತು. ರಾತ್ರಿ ಅದು ಕೈಗೆ ಬಂದ ಮೇಲೆ ಬೀಜಗಣಿತದ ಲೆಕ್ಕವೊಂದನ್ನು ನಾಲ್ಕು ಸಲ ನೋಡಿದೆ. ನಾಲ್ಕು ಸಲವೂ ಒಂದೇ ಕಡೆ ತೊಡಕಾಯಿತು. ವಿಡಿಯೋ ನಾಲ್ಕು ಸಲವೂ ಅದೇ ಮಾತನ್ನೇ ಹೇಳಿತು. ನನ್ನ ಮುಖ ನೋಡಿ ‘ಏನು, ತಿಳಿಯಲಿಲ್ಲವೇ?’ ಎಂದು ಕೇಳುವವರು ಅಲ್ಲಿರಲಿಲ್ಲ.

ಆದ್ದರಿಂದ ನಮ್ಮ ಚರಿತ್ರೆಯ ಅಧ್ಯಾಪಕರು ತರಗತಿಗೆ ಪ್ರೊಜೆಕ್ಟರ್ ತಂದು, ತಮ್ಮ ಮೊಬೈಲಿನಿಂದಲೇ ನೆಟ್ ಕೊಟ್ಟು, ಬರಿಯ ಗೋಡೆಯ ಮೇಲೆ ವಿಡಿಯೋ ಹಚ್ಚಿದಾಗ ನನಗೆ ಅಷ್ಟೇನೂ ಉತ್ಸಾಹವಿರಲಿಲ್ಲ. ಅಂದಿನ ಪಾಠ ಉಪ್ಪಿನ ಸತ್ಯಾಗ್ರಹ. ಹಳೆಯ ಸುದ್ದಿಚಿತ್ರದಲ್ಲಿ ಗಾಂಧೀಜಿ ಕೋಲು ಹಿಡಿದು ಓಡುವವರಂತೆ ಸಾಗಿದರು. ತರಗತಿಯೆಲ್ಲ ನಕ್ಕಿತು. ಗುರುಗಳು ಚಿತ್ರವನ್ನು ನಿಲ್ಲಿಸಿ, ‘ಅರವತ್ತರ ವೃದ್ಧರು ಹೀಗೆ ಓಡುತ್ತ 24 ದಿನ, 240 ಮೈಲಿ ಹೋಗಬಲ್ಲರೇ?’ ಎಂದು ಕೇಳಿದರು. ಯಾರೂ ಉತ್ತರಿಸಲಿಲ್ಲ. ಆ ಕಾಲದ ಕ್ಯಾಮೆರಾಗಳು ಸೆಕೆಂಡಿಗೆ ಹದಿನಾರೋ ಹದಿನೆಂಟೋ ಚಿತ್ರ ಹಿಡಿಯುತ್ತಿದ್ದವು. ಅವನ್ನು ಇಪ್ಪತ್ತನಾಲ್ಕರ ವೇಗದಲ್ಲಿ ಓಡಿಸಿದರೆ ಎಲ್ಲರೂ ಅವಸರದವರಾಗಿ ಕಾಣುತ್ತಾರೆ ಎಂದು ಅವರೇ ವಿವರಿಸಿದರು. ‘ಶಾಸನವನ್ನು ಪರೀಕ್ಷಿಸುವಂತೆ ಚಿತ್ರವನ್ನೂ ಪರೀಕ್ಷಿಸಬೇಕು’ ಎಂದರು.

ಸ್ವಲ್ಪ ಮುಂದೆ ಹೋಗಿ ಮತ್ತೆ ನಿಲ್ಲಿಸಿದರು. ‘1930ರ ಮಾರ್ಚ್ 12ರಂದು ಸಾಬರಮತಿಯಿಂದ ಗಾಂಧೀಜಿಯೊಡನೆ ಹೊರಟವರು 78 ಜನ. ಅವರಲ್ಲಿ ಕರ್ನಾಟಕದವನೊಬ್ಬನೇ, ಮೋಟೆಬೆನ್ನೂರಿನ ಮೈಲಾರ ಮಹಾದೇವ. ಆಗ ಅವನಿಗೆ ಇಪ್ಪತ್ತು ತುಂಬಿರಲಿಲ್ಲ, ನಿಮ್ಮ ವಯಸ್ಸೇ. 1943ರಲ್ಲಿ ಹೊಸರಿತ್ತಿಯಲ್ಲಿ ಪೋಲೀಸರ ಗುಂಡಿಗೆ ಬಲಿಯಾದ.’ ವಿಡಿಯೋದ ಇಂಗ್ಲಿಷ್ ವಿವರಣೆಯಲ್ಲಿ ಆ ಹೆಸರೇ ಇರಲಿಲ್ಲ. ಈಗತಾನೆ ನಕ್ಕಿದ್ದ ನಾವೆಲ್ಲರೂ ಗೋಡೆಯ ಮೇಲಿನ ಮಸುಕು ಮುಖಗಳಲ್ಲಿ ಅವನನ್ನು ಹುಡುಕತೊಡಗಿದೆವು.

ಅಂದು ಸಂಜೆ ಅದೇ ವಿಡಿಯೋವನ್ನು ಅವ್ವನಿಗೆ ತೋರಿಸಿದೆ. ನನ್ನ ಪಠ್ಯಪುಸ್ತಕಗಳನ್ನು ಒರೆಸಿ ಜೋಡಿಸಿಡುವುದಷ್ಟೇ ಅವಳಿಗೆ ಗೊತ್ತು, ಓದಲು ಬಾರದು. ಒಲೆಯ ಮುಂದೆ ಕುಳಿತು ಪೂರ್ತಿ ನೋಡಿದಳು. ‘ಉಪ್ಪಿಗೂ ತೆರಿಗಿ ಹಾಕತಿದ್ರೇನು?’ ಎಂದಳು. ‘ಹೌದವ್ವ’ ಎಂದು ಗುರುಗಳು ಹೇಳಿದ್ದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಹುಡುಗನ ಅವ್ವ ಹ್ಯಾಂಗ ಕಳಿಸಿ ಕೊಟ್ಟಳೋ!’ ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ಆ ಪ್ರಶ್ನೆಯನ್ನೇ ತರಗತಿಗೆ ಒಯ್ದೆ. ಅರ್ಧ ಗಂಟೆ ಚರ್ಚೆ ನಡೆಯಿತು. ನನ್ನ ಕಾಲೇಜು ಓದಿನಲ್ಲಿ ಅವ್ವ ಪಾಲು ಪಡೆದ ಮೊದಲ ಪಾಠ ಅದು.

ವಿಡಿಯೋ ಬಂದಮೇಲೆ ಅಧ್ಯಾಪಕರೇಕೆ ಎಂದು ಕೇಳುವವರು ನಮ್ಮಲ್ಲಿಯೂ ಇದ್ದಾರೆ. ನಿಲ್ಲಿಸುವ ಗುಂಡಿ ಯಂತ್ರದಲ್ಲಿದೆ, ನಿಜ. ಆದರೆ ಎಲ್ಲಿ ನಿಲ್ಲಿಸಬೇಕೆಂಬುದು ಯಂತ್ರಕ್ಕೆ ತಿಳಿಯದು. ಮೋಟೆಬೆನ್ನೂರು ಎಲ್ಲಿದೆಯೆಂದು ಬಲ್ಲವರಿಗೆ ತಿಳಿದೀತು. ಆದಕಾರಣ ಗುರುಹಿರಿಯರಲ್ಲಿ ನನ್ನ ವಿನಂತಿ ಇಷ್ಟೆ: ವಿಡಿಯೋಗಳನ್ನು ತೋರಿಸಿರಿ, ನಡುನಡುವೆ ನಿಲ್ಲಿಸಿರಿ. ಸಹಪಾಠಿಗಳಲ್ಲಿಯೂ ಒಂದು ಮಾತು: ನೋಡಿದ್ದನ್ನು ಮನೆಯವರಿಗೂ ತೋರಿಸಿರಿ. ಅವರು ಕೇಳುವ ಪ್ರಶ್ನೆ ಪರೀಕ್ಷೆಯಲ್ಲಿ ಬರಲಿಕ್ಕಿಲ್ಲ. ಆದರೂ ಅದನ್ನು ಬರೆದಿಟ್ಟುಕೊಂಡು ತರಗತಿಗೆ ತನ್ನಿರಿ.