ಹಳದಿ ಕಾರ್ಡ್

2004ರ ಬೇಸಿಗೆಯಲ್ಲಿ ಸಿಂಗಪುರದಿಂದ ಬಂದ ಸೋದರಮಾವ ನನಗೂ ತಮ್ಮನಿಗೂ ಸೇರಿಸಿ ಒಂದೇ ಗೇಮ್ ಬಾಯ್ ಅಡ್ವಾನ್ಸ್ ಕೊಟ್ಟ. ಅದರೊಳಗೆ ಇದ್ದದ್ದೂ ಒಂದೇ ಆಟ, ಹಿಂದಿನ ವರ್ಷವಷ್ಟೇ ಬಂದಿದ್ದ ‘ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್ ಅಡ್ವಾನ್ಸ್’. ನನಗೆ ಹದಿನಾರು, ಅವನಿಗೆ ಹನ್ನೆರಡು. ಪುಣೆಯ ನಮ್ಮ ಮನೆ ಎರಡನೇ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ತಮ್ಮನ ವ್ಹೀಲ್‌ಚೇರ್ ಕೆಳಗಿಳಿಯಬೇಕೆಂದರೆ ಅಪ್ಪ ಮತ್ತು ನಾನು ಇಬ್ಬರೂ ಮನೆಯಲ್ಲಿರಬೇಕಿತ್ತು.

ಆ ಪುಟ್ಟ ಪರದೆಗೆ ಸ್ವಂತ ಬೆಳಕಿರಲಿಲ್ಲ. ಹಗಲಾದರೆ ಕಿಟಕಿಯ ಹತ್ತಿರ, ರಾತ್ರಿಯಾದರೆ ಟ್ಯೂಬ್‌ಲೈಟಿನ ಕೆಳಗೆ ತಲೆಗೆ ತಲೆ ತಾಗಿಸಿ ಕೂರುತ್ತಿದ್ದೆವು. ಅದು ಅವಸರದ ಆಟವಲ್ಲ. ಚದುರಂಗದಂತೆ ಚೌಕಗಳ ಹಾಸು, ಪ್ರತಿಯೊಬ್ಬ ಯೋಧನಿಗೂ ಅವನ ಸರದಿ. ಗುಂಡಿ ಒತ್ತುವವನು ಒಬ್ಬ, ಯೋಚಿಸುವವರು ಇಬ್ಬರು.

ಅದರ ವಿಶೇಷವೆಂದರೆ ಕಾನೂನು. ಪ್ರತಿ ಕಾಳಗದಲ್ಲೂ ಒಬ್ಬ ನ್ಯಾಯಾಧೀಶ ನಿಂತಿರುತ್ತಾನೆ. ಇವತ್ತು ಕತ್ತಿ ಬಳಸುವಂತಿಲ್ಲ, ನಾಳೆ ಬೆಂಕಿಯ ಮಂತ್ರ ಹಾಕುವಂತಿಲ್ಲ. ಮೀರಿದರೆ ಹಳದಿ ಕಾರ್ಡ್, ತಪ್ಪು ದೊಡ್ಡದಾದರೆ ಕೆಂಪು ಕಾರ್ಡ್, ಸೆರೆಮನೆ. “ಥೇಟ್ ಅವ್ವನ ಹಂಗ ಅದಾನ್ನೋಡು” ಅಂತ ತಮ್ಮ ನಗುತ್ತಿದ್ದ. ನ್ಯಾಯಾಧೀಶರೇ ಇಲ್ಲದ ‘ಜಾಗ್ಡ್’ ಎಂಬ ಕೆಲವು ಜಾಗಗಳೂ ಇದ್ದವು. ಅಲ್ಲಿ ಏನು ಬೇಕಾದರೂ ಮಾಡಬಹುದು, ಆದರೆ ಕಾಳಗ ಮುಗಿಯುವಾಗ ಬಿದ್ದೇ ಇದ್ದವರು ಶಾಶ್ವತವಾಗಿ ಹೋದಂತೆ. ತಮ್ಮನಿಗೆ ಅಲ್ಲಿಗೇ ಹೋಗಬೇಕು. ನಾನು ಬಿಡುತ್ತಿರಲಿಲ್ಲ.

ಕಥೆ ಇಷ್ಟು. ಹಿಮ ಬೀಳುವ ಒಂದು ಊರು. ಮಾರ್ಷ್ ಎಂಬ ಹುಡುಗ, ವ್ಹೀಲ್‌ಚೇರಿನಲ್ಲಿರುವ ಅವನ ತಮ್ಮ ಡೋನೆಡ್, ಇಬ್ಬರು ಗೆಳೆಯರು. ಹಳೆಯ ಪುಸ್ತಕವೊಂದನ್ನು ತೆರೆದದ್ದೇ ಊರು ಐವಾಲಿಸ್ ಎಂಬ ಮಾಯಾಲೋಕವಾಗುತ್ತದೆ. ಅಲ್ಲಿ ಎಲ್ಲರ ಆಸೆಯೂ ಈಡೇರಿದೆ. ತಾಯಿ ಸತ್ತಿದ್ದ ಗೆಳೆಯನಿಗೆ ತಾಯಿ ಸಿಕ್ಕಿದ್ದಾಳೆ. ಮಾರ್ಷ್ ಒಬ್ಬನಿಗೆ ಮಾತ್ರ ಆ ಲೋಕವನ್ನು ಒಡೆದು ಮನೆಗೆ ಮರಳಬೇಕು. ಡೋನೆಡ್ ಎಲ್ಲಿ ಹೋದ ಅಂತ ತಮ್ಮ ಆಗಾಗ ಕೇಳುತ್ತಿದ್ದ.

ಒಂದು ರಾತ್ರಿ ತಮ್ಮ ಮಲಗಿದ ಮೇಲೆ ನಾನೊಬ್ಬನೇ ಆಡುತ್ತಿದ್ದಾಗ ಡೋನೆಡ್ ಸಿಕ್ಕ. ತನ್ನ ಕಾಲ ಮೇಲೆ ನಿಂತಿದ್ದ. ಮರಳಿ ಹೋಗಬಾರದೆಂದು ಅಣ್ಣನ ಸುಳಿವನ್ನು ಶತ್ರುಗಳಿಗೆ ಮಾರುತ್ತಿದ್ದವನು ಅವನೇ. ಆಗ ಮಾರ್ಷ್ ಅವನೆದುರು ಒಳಗಿನದನ್ನೆಲ್ಲ ಹೇಳಿಬಿಡುತ್ತಾನೆ: ಅಮ್ಮ ಸದಾ ನಿನ್ನನ್ನೇ ನೋಡುತ್ತಿದ್ದಳು, ನಾನು ಎಲ್ಲವನ್ನೂ ಸಹಿಸಿಕೊಂಡೆ, ನಿನ್ನ ಮೇಲೆ ಹೊಟ್ಟೆಕಿಚ್ಚು ಪಟ್ಟೆ.

ನನ್ನ ಕೈ ತಣ್ಣಗಾಯಿತು. ಹೊಸ ಆಟ ಶುರುಮಾಡಿ ನಮ್ಮ ಹಳೆಯ ಸೇವ್ ಮೇಲೆ ಬರೆದುಬಿಟ್ಟೆ. ಬೆಳಿಗ್ಗೆ, “ಎಲ್ಲಾ ಅಳಿಸಿ ಹೋಗೇದ” ಎಂದೆ. ಎರಡು ತಿಂಗಳ ಆಟ. ಅವನು ಅಳಲಿಲ್ಲ, ಗೋಡೆಯ ಕಡೆ ತಿರುಗಿ ಮಲಗಿದ. ತಮ್ಮನ ಮನಸ್ಸು ನೋಯಬಾರದೆಂದು ಹಾಗೆ ಮಾಡಿದೆ ಅಂತ ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡೆ.

ಅವನೀಗ ಹೈದರಾಬಾದಿನಲ್ಲಿ ಕೆಲಸದಲ್ಲಿದ್ದಾನೆ. ಕೆಲವು ವರ್ಷದ ಹಿಂದೆ ಫೋನಿನಲ್ಲಿ ಆ ಆಟದ ಮಾತು ಬಂತು. ನಾನು ಹಾಸ್ಟೆಲಿಗೆ ಹೋದಮೇಲೆ ಮೊದಲಿನಿಂದ ಆಡಿ ಮುಗಿಸಿದ್ದನಂತೆ. ತಡೆಯಲಾಗದೆ ಸೇವ್ ಅಳಿಸಿದ ವಿಷಯ ಹೇಳಿಬಿಟ್ಟೆ.

“ಗೊತ್ತದ” ಅಂದ. “ಆ ಸೀನಿಗೆ ಬಂದಾಗ ತಿಳೀತು.”

“ಮಾರ್ಷ್ ಮಾಡಿದ್ದು ಸರಿ ಏನೋ?”

“ತಮ್ಮನ್ನ ಮೊದಲ ಕೇಳಬೇಕಿತ್ತು. ಕೇಳಲಿಲ್ಲ. ಆದ್ರ ಕಡೀಕರ ಎದುರಿಗೆ ನಿಂತು ಖರೇ ಹೇಳಿದಾ. ನೀ ಅದನ್ನೂ ಮಾಡಲಿಲ್ಲ.” ಸ್ವಲ್ಪ ಹೊತ್ತು ಬಿಟ್ಟು, “ಅಣ್ಣಾ, ನಿನಗ ಹೊಟ್ಟೆಕಿಚ್ಚಿತ್ತು ಅಂತ ನನಗ ಆವಾಗನ ಗೊತ್ತಿತ್ತು. ನನಗೂ ಇತ್ತಲ್ಲ. ನೀ ಜಿನಾ ಇಳದು ಓಡ್ತಿದ್ದಿ” ಅಂದ.

ಆ ಆಟ ಆಡಿದವರು ಮಾರ್ಷ್ ನಾಯಕನೋ ಖಳನಾಯಕನೋ ಎಂದು ಇಂದಿಗೂ ಜಗಳವಾಡುತ್ತಾರೆ. ನಾನು ಆ ವಾದಕ್ಕೆ ಹೋಗುವುದಿಲ್ಲ. ಅವನಿಗಿದ್ದ ಧೈರ್ಯ ನನಗೆ ಇಪ್ಪತ್ತು ದಾಟಿ ಎಷ್ಟೋ ವರ್ಷವಾದರೂ ಬಂದಿರಲಿಲ್ಲ.

ಹೋದ ತಿಂಗಳು ಅವನನ್ನು ಕೇಳದೆ ಅವನ ಮನೆಗೆ ಹೊಸ ವ್ಹೀಲ್‌ಚೇರ್ ಆರ್ಡರ್ ಮಾಡಿದೆ. ಉತ್ತರವಾಗಿ ಒಂದು ಚಿತ್ರ ಬಂತು, ಹಳದಿ ಬಣ್ಣದ ಚೌಕ. ಮಾತಿಲ್ಲ. ಆರ್ಡರ್ ರದ್ದು ಮಾಡಿ ಫೋನ್ ಹಚ್ಚಿದೆ. “ಯಾವುದು ಬೇಕೋ?” ಎಂದು ಕೇಳಿದೆ.