ಮುಚ್ಚಳದ ವಾಷರ್

ಕಾರಿನೊಳಗೆ ಪೆಟ್ರೋಲ್ ವಾಸನೆ. ಫುಲ್ ಟ್ಯಾಂಕ್ ಮಾಡಿಸಿದಾಗಲಂತೂ ಮಗಳಿಗೆ ವಾಂತಿ. ಹಾಗಾಗಿ ಊರಿಗೆ ಹೋಗೋದೇ ಬಿಟ್ಟಿದ್ವಿ. ಗ್ಯಾರೇಜಿನವರು ಟ್ಯಾಂಕ್ ಇಳಿಸಿ ನೋಡಬೇಕು ಅಂದಿದ್ದರು.

ಮೊಮ್ಮಗಳನ್ನು ನೋಡೋಕೆ ಕಡೆಗೆ ಅಪ್ಪನೇ ಬಸ್ಸು ಹತ್ತಿ ಬಂದ. ಪೆಟ್ರೋಲ್ ಮುಚ್ಚಳ ತಿರುಗಿಸಿ ತೆಗೆದು, "ವಾಷರ್ ಸೀಳಿದೆ ನೋಡೋ" ಅಂದ. ವರ್ಷಗಟ್ಟಲೆ ಪಂಪ್‌ಸೆಟ್ಟಿಗೆ ವಾಷರ್ ಹಾಕಿದ ಕೈ ಅದು. ಬಿಇ ಮಾಡಿದ ನಾನು ಆ ಮುಚ್ಚಳವನ್ನು ಒಂದು ದಿನವೂ ಬಿಚ್ಚಿ ನೋಡಿರಲಿಲ್ಲ. ಬಂಕಿನ ಹುಡುಗರೇ ಬಿಚ್ತಾರಲ್ಲ!

ನಮ್ಮ ಮಾಡೆಲ್ಲಿನದೇ ಹೊಸ ಮುಚ್ಚಳ ತಂದೆ. ಹಳೇದರ ಪಟ್ಟಿಯನ್ನು ತೂತಿನಿಂದ ಎಳೆದು, ಹೊಸದನ್ನು ಅಲ್ಲೇ ಒತ್ತಿ ಕೂರಿಸಿ, ಟಿಕ್ ಟಿಕ್ ಅನ್ನೋವರೆಗೆ ತಿರುಗಿಸಿದೆ. ಐದೇ ನಿಮಿಷ, ಸ್ಕ್ರೂಡ್ರೈವರ್ ಕೂಡ ಬೇಕಾಗಲಿಲ್ಲ.

ಅಪ್ಪನ್ನ ಊರಿಗೆ ಬಿಡೋಕೆ ಕಾರಲ್ಲೇ ಹೊರಟ್ವಿ. ಮಗಳು ತಾತನ ತೊಡೆ ಮೇಲೆ ಊರು ಬರೋವರೆಗೂ ನಿದ್ದೆ ಮಾಡಿದಳು.