ಮುಕ್ಕಾಲು ನಿಮಿಷದ ಹಾಡು ಮತ್ತು ಇನ್ನೊಂದಿಷ್ಟು ಗಲಾಟೆ

ಇಲ್ಲಿ ಭಾವಗೀತೆ ಬಗ್ಗೆ, ಪಿ.ಬಿ.ಎಸ್. ಬಗ್ಗೆ, ಮಲ್ಲಿಕಾರ್ಜುನ ಮನ್ಸೂರರ ಬಗ್ಗೆ ಚೆನ್ನಾಗಿ ಬರೆಯೋರು ಬಹಳ ಜನ ಇದ್ದೀರಿ. ಅದನ್ನೆಲ್ಲ ಓದಿ ಖುಷಿಪಟ್ಟಿದ್ದೇನೆ. ಆದ್ರೆ ಹಾರ್ಡ್‌ಕೋರ್ ಪಂಕ್ ಬಗ್ಗೆ ಯಾರೂ ಬರೆದಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಸರಿ, ನಾನೇ ಬರೀತೀನಿ ಅಂತ ಕೂತಿದ್ದೀನಿ. "ಅದು ಬರೀ ಕಿರುಚಾಟ ಅಲ್ವೇನ್ರೀ?" ಅಂತ ಕೇಳೋರಿಗೆ ಮೊದಲೇ ಹೇಳಿಬಿಡ್ತೀನಿ: ಹೌದು, ಕಿರುಚಾಟವೇ. ಆದ್ರೆ ಯಾರು, ಯಾಕೆ, ಎಷ್ಟು ದುಡ್ಡಲ್ಲಿ ಕಿರುಚಿದರು ಅನ್ನೋದು ಗೊತ್ತಾದ ಮೇಲೆ ಅದು ಬೇರೆ ಥರ ಕೇಳಿಸತ್ತೆ.

ಶುರು ಮಾಡೋಕೆ ಎಲ್ಲರೂ ಹೇಳೋದು ರಾಮೋನ್ಸ್. ನಾನೂ ಅದನ್ನೇ ಹೇಳ್ತೀನಿ. 1976ರ ಮೊದಲ ಆಲ್ಬಂ, 14 ಹಾಡು, ಒಟ್ಟು ಅರ್ಧ ಗಂಟೆಯೂ ಇಲ್ಲ, ಖರ್ಚು ಸುಮಾರು 6,400 ಡಾಲರ್. ಆ ಕಾಲದ ದೊಡ್ಡ ರಾಕ್ ತಂಡಗಳು ಒಂದು ಆಲ್ಬಂಗೆ ತಿಂಗಳುಗಟ್ಟಲೆ ಸ್ಟುಡಿಯೋದಲ್ಲಿ ಕೂರುತ್ತಿದ್ದವು. ಇವರು ನಾಲ್ಕು ಜನ ಬಂದರು, ಬಾರಿಸಿದರು, ಹೋದರು. ಆ ನಾಲ್ವರೂ ಈಗ ಇಲ್ಲ, ಕೊನೆಯವನಾದ ಟಾಮಿ 2014ರಲ್ಲಿ ತೀರಿಕೊಂಡ. ಬೆಳಿಗ್ಗೆ ಬಸ್ಸಲ್ಲಿ ಕೇಳಿ, ಟ್ರಾಫಿಕ್ ಮೇಲಿನ ಸಿಟ್ಟು ಸ್ವಲ್ಪ ಇಳಿಯತ್ತೆ.

ನನಗೆ ನಿಜಕ್ಕೂ ಹತ್ತಿರದ್ದು ಮಾತ್ರ ವಾಷಿಂಗ್ಟನ್ ಕಥೆ. 1980ರಲ್ಲಿ ಅಲ್ಲಿ ಟೀನ್ ಐಡಲ್ಸ್ ಅಂತ ಹೈಸ್ಕೂಲ್ ಹುಡುಗರ ತಂಡ ಇತ್ತು. ಕಾರ್ಯಕ್ರಮಗಳಿಂದ ಬಂದ ದುಡ್ಡನ್ನ ಹಂಚಿಕೊಳ್ಳದೆ ಒಂದು ಡಬ್ಬಿಯಲ್ಲಿ ಕೂಡಿಟ್ಟಿದ್ದರು. ತಂಡ ಒಡೆಯೋ ಹೊತ್ತಿಗೆ ಅದರಲ್ಲಿ ಆರುನೂರು ಚಿಲ್ಲರೆ ಡಾಲರ್ ಆಗಿತ್ತು. ಹಂಚಿಕೊಂಡು ಮನೆಗೆ ಹೋಗಬಹುದಿತ್ತು. ಅದರ ಬದಲು ಒಂದು ಸಣ್ಣ ರೆಕಾರ್ಡ್ ಹಾಕಿಸೋಣ ಅಂದರು. ಅದರ ಕವರನ್ನ ತಾವೇ ಕತ್ತರಿಸಿ, ಮಡಚಿ, ಗೋಂದು ಹಚ್ಚಿ ಅಂಟಿಸಿದರು. ಆ ಒಂದು ರೆಕಾರ್ಡಿಗಾಗಿ ಹುಟ್ಟಿದ ಸಂಸ್ಥೆ ಡಿಸ್ಕಾರ್ಡ್, ಇವತ್ತಿಗೂ ನಡೀತಾ ಇದೆ. ಇದನ್ನ ಓದಿದಾಗ ನನಗೆ ನೆನಪಾಗಿದ್ದು ಧಾರವಾಡದ ಅಟ್ಟ. 1933ರಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಶುರು ಮಾಡಿ, ಚಂದಾದಾರರ ದುಡ್ಡಲ್ಲಿ ಪುಸ್ತಕ ಹಾಕ್ತಾ ಹೋದರಲ್ಲ, ಆ ಥರದ್ದೇ ಹಟ. (ಹೋಲಿಕೆ ಅತಿಯಾಯ್ತು ಅನ್ನೋರು ಬೈಕೊಳ್ಳಿ, ಪರವಾಗಿಲ್ಲ.)

ಆ ಹುಡುಗರಲ್ಲಿ ಒಬ್ಬ ಇಯಾನ್ ಮೆಕಾಯ್. ಅವನು ಆಮೇಲೆ ಕಟ್ಟಿದ ತಂಡವೇ ಮೈನರ್ ಥ್ರೆಟ್. 1980ರಿಂದ 1983, ಅಷ್ಟೇ ಅದರ ಆಯಸ್ಸು. ಅವರು ಅಲ್ಲಿಯವರೆಗೆ ಹೊರತಂದಿದ್ದ ಹಾಡುಗಳನ್ನ ಸೇರಿಸಿ 1989ರಲ್ಲಿ 'ಕಂಪ್ಲೀಟ್ ಡಿಸ್ಕಾಗ್ರಫಿ' ಅಂತ ಒಂದೇ ಸಿ.ಡಿ. ಬಂತು. 26 ಹಾಡು, ಮುಕ್ಕಾಲು ಗಂಟೆ. ಅದರಲ್ಲಿ 'ಸ್ಟ್ರೈಟ್ ಎಡ್ಜ್' ಅನ್ನೋದು ಮುಕ್ಕಾಲು ನಿಮಿಷದ ಹಾಡು. ನಾನು ಕುಡಿಯಲ್ಲ, ಡ್ರಗ್ಸ್ ತಗೊಳಲ್ಲ, ನನಗೆ ಮಾಡೋಕೆ ಬೇರೆ ಕೆಲಸ ಇದೆ ಅನ್ನೋದು ಅದರ ಸಾರ. ಇದನ್ನ ಹೇಳಿದ್ದು ಯಾವ ಸ್ವಾಮೀಜಿಯೂ ಅಲ್ಲ, ತಲೆ ಬೋಳಿಸಿಕೊಂಡು ಕೂಗೋ ಹುಡುಗ.

ಈ ಹಾಡು ನನ್ನ ಕೈಗೆ ಸಿಕ್ಕಿದ್ದು ಬೆಂಗಳೂರಿಗೆ ಕೆಲಸಕ್ಕೆ ಬಂದ ಮೊದಲ ವರ್ಷ, ಶಿಲ್ಲಾಂಗ್ ಕಡೆಯ ರೂಮ್‌ಮೇಟ್ ಒಬ್ಬನಿಂದ. ಅವನು ಎಂಪಿತ್ರೀ ಸಿ.ಡಿ.ಗಳ ಗುಡ್ಡೆಯನ್ನೇ ಇಟ್ಟುಕೊಂಡಿದ್ದ. ಆಗ ನಮ್ಮ ಟೀಮಲ್ಲಿ ಪ್ರತಿ ಪ್ರಾಜೆಕ್ಟ್ ಮುಗಿದಾಗಲೂ ಪಾರ್ಟಿ. ಪಾರ್ಟಿ ಅಂದ್ರೆ ಗೊತ್ತಲ್ಲ. ನಾನು ಲೈಮ್ ಸೋಡಾ ಹಿಡಿದು ಕೂತರೆ ಶುರುವಾಗೋದು: "ಏನ್ ಗುರು, ಮಾಲೆ ಹಾಕಿದೀಯಾ?" "ನೀವು ಅಯ್ಯರಾ?" "ಹೆಂಡ್ತಿ ಇನ್ನೂ ಬಂದಿಲ್ಲ, ಈಗ್ಲೇ ಭಯಾನಾ?" ತಮಾಷೆಗೇ ಕೇಳೋರು, ಕೆಟ್ಟವರಲ್ಲ. ಆದ್ರೆ ನನ್ನ ಹತ್ರ ಇದ್ದ ಉತ್ತರ ಪಾರ್ಟೀಲಿ ಹೇಳೋ ಅಂಥದ್ದಲ್ಲ. ನಮ್ಮಪ್ಪ ಕುಡೀತಿದ್ರು. ಸಂಬಳದ ದಿನ ರಾತ್ರಿ ಅಮ್ಮ ಜಗಲಿ ಮೇಲೆ ಕೂತು, ಮೇನ್ ರೋಡಲ್ಲಿ ಬರೋ ಒಂದೊಂದು ಸೈಕಲ್ ಬೆಲ್ಲಿಗೂ ತಲೆ ಎತ್ತಿ ನೋಡೋಳು. ನಾನು, ಅಕ್ಕ ಒಳಗೆ ನಿದ್ದೆ ಬಂದವರ ಹಾಗೆ ಮಲಗಿರ್ತಿದ್ವಿ. ಇಷ್ಟನ್ನೂ ಹೇಳದೆ "ಬೇಡ" ಅನ್ನೋದಕ್ಕೆ ನಮ್ಮಲ್ಲಿ ಇರೋ ಕಾರಣಗಳು ಎರಡೇ: ಜಾತಿ, ಇಲ್ಲಾ ದೇವರು. ನನಗೆ ಎರಡೂ ಅನ್ವಯ ಆಗ್ತಿರಲಿಲ್ಲ. ಇಯಾನ್ ಮೂರನೇದೊಂದು ಕಾರಣ ಕೊಟ್ಟ. ನಾನು ಬೇಡ ಅಂದೆ, ಅಷ್ಟೇ, ಮುಂದಿನ ಹಾಡು ಹಾಕಿ!

ಆ ಹುಡುಗರು ಅಂಗೈ ಹಿಂಬದಿ ಕಪ್ಪು ಇಂಕಲ್ಲಿ ದೊಡ್ಡದಾಗಿ ಗುಣಾಕಾರ ಚಿಹ್ನೆ ಬರ್ಕೊಳ್ತಿದ್ದರು. ಅದಕ್ಕೂ ಒಂದು ಕಥೆ ಇದೆ. ಟೀನ್ ಐಡಲ್ಸ್ ಸ್ಯಾನ್ ಫ್ರಾನ್ಸಿಸ್ಕೋದ ಮಬುಹೇ ಗಾರ್ಡನ್ಸ್‌ಗೆ ಹೋದಾಗ, ವಯಸ್ಸಾಗದ ಹುಡುಗರಿಗೆ ಬಾರಲ್ಲಿ ಮದ್ಯ ಕೊಡಬಾರದು ಅಂತ ಅವರ ಕೈಗೆ ಆ ಗುರುತು ಹಾಕಿದ್ದರು. ಇವರು ಊರಿಗೆ ವಾಪಸ್ ಬಂದು, "ನಮಗೂ ಹೀಗೇ ಗುರುತು ಹಾಕಿ ಒಳಗೆ ಬಿಡಿ, ನಾವು ಕುಡಿಯೋಕೆ ಬರ್ತಿಲ್ಲ, ಹಾಡು ಕೇಳೋಕೆ ಬರ್ತಿದೀವಿ" ಅಂತ ಕ್ಲಬ್ಬಿನವರನ್ನ ಒಪ್ಪಿಸಿದರು. ಅವಮಾನದ ಮುದ್ರೆಯನ್ನೇ ಬಾವುಟ ಮಾಡಿಕೊಂಡ ಹಾಗೆ.

ಆದ್ರೆ ಬಾವುಟ ಬಂದ ಕಡೆ ಸೈನ್ಯವೂ ಬರತ್ತಲ್ಲ... 1983ರ 'ಔಟ್ ಆಫ್ ಸ್ಟೆಪ್' ಹೊತ್ತಿಗೇ ತಂಡದೊಳಗೆ ಇದು ಜಗಳ ಆಗಿತ್ತು. ಡ್ರಮ್ಮರ್ ಜೆಫ್ ನೆಲ್ಸನ್‌ಗೆ, ಇದೇನು ಎಲ್ಲರಿಗೂ ಉಪದೇಶ ಮಾಡೋ ಹಾಗಿದೆಯಲ್ಲ ಅನ್ನೋ ತಕರಾರು. ಅದಕ್ಕೇ ಆ ಆಲ್ಬಂನಲ್ಲಿ ಶೀರ್ಷಿಕೆ ಹಾಡಿನ ಮಧ್ಯೆ ಇಯಾನ್ ಮಾತಾಡ್ತಾನೆ: ಇದು ನಿಯಮಾವಳಿ ಅಲ್ಲ, ನೀವು ಏನು ಮಾಡಬೇಕು ಅಂತ ನಾನು ಹೇಳ್ತಿಲ್ಲ ಅನ್ನೋ ಅರ್ಥದಲ್ಲಿ. ಆ ಮಾತನ್ನ ಎಲ್ಲರೂ ಕೇಳಿಸಿಕೊಳ್ಳಲಿಲ್ಲ. 1990ರ ದಶಕದಲ್ಲಿ ಸಾಲ್ಟ್ ಲೇಕ್ ಸಿಟಿಯಂಥ ಕಡೆ ಸ್ಟ್ರೈಟ್ ಎಡ್ಜ್ ಹೆಸರಲ್ಲೇ ಹುಡುಗರು ಕುಡಿಯೋರನ್ನ, ಸೇದೋರನ್ನ ಹಿಡಿದು ಹೊಡೆದಿದ್ದೂ ಆಯ್ತು.

ನಾನು ಆ ಆಲ್ಬಂಗೆ ಪದೇಪದೇ ವಾಪಸ್ ಹೋಗೋದು ನಡುವಿನ ಆ ಮಾತಿಗೋಸ್ಕರವೇ. ಅಪ್ಪ ಹೋಗಿ ಬಹಳ ವರ್ಷ ಆಯ್ತು. ಕುಡಿಯದ ದಿನ ಅವರು ಸೈಕಲ್ ಒರೆಸ್ತಾ ಶಿಳ್ಳೆಯಲ್ಲಿ ರಾಜ್‌ಕುಮಾರ್ ಹಾಡು ಹಾಕ್ತಿದ್ರು, ಒಂದು ಸ್ವರ ತಪ್ಪುತ್ತಿರಲಿಲ್ಲ. ನನ್ನ ಲೋಟದಲ್ಲಿ ಏನಿರಬೇಕು ಅನ್ನೋದು ನನ್ನ ತೀರ್ಮಾನ. ಅದನ್ನ ಕೋಲು ಮಾಡಿಕೊಂಡು ಅವರನ್ನ ಹೊಡೆಯೋಕೆ ನನಗೆ ಕೈ ಬರಲ್ಲ.

ಮೈನರ್ ಥ್ರೆಟ್‌ನ ಎಲ್ಲ ಹಾಡೂ ನನಗೆ ಸಮಾಧಾನ ಕೊಡಲ್ಲ. 'ಗಿಲ್ಟಿ ಆಫ್ ಬೀಯಿಂಗ್ ವೈಟ್' ಅಂತ ಒಂದಿದೆ. ಕಪ್ಪು ಹುಡುಗರೇ ಹೆಚ್ಚಿದ್ದ ಶಾಲೆಯಲ್ಲಿ ಓದಿದ ಬಿಳಿ ಹುಡುಗನ ಸಿಟ್ಟು ಅದು. ಜನಾಂಗದ್ವೇಷದ ವಿರುದ್ಧವೇ ಬರೆದಿದ್ದು ಅಂತ ಇಯಾನ್ ಹೇಳಿಕೊಂಡು ಬಂದಿದ್ದಾನೆ, ನಂಬ್ತೀನಿ. ಆದರೂ ಇತಿಹಾಸದ ಭಾರ ನನ್ನ ಮೇಲೆ ಯಾಕೆ ಅನ್ನೋ ಆ ಧಾಟಿ ಇದೆಯಲ್ಲ, ಮೀಸಲಾತಿ ಚರ್ಚೆಯಲ್ಲಿ ನಾವೂ ಸಾಕಷ್ಟು ಕೇಳಿದ್ದೀವಿ. ಆ ಹಾಡನ್ನ ನಾನು ದಾಟಿಸಿಬಿಡ್ತೀನಿ.

ಅದರ ಪಕ್ಕದಲ್ಲಿ ಬ್ಯಾಡ್ ಬ್ರೈನ್ಸ್ ಇಟ್ಟು ಕೇಳಿ. ಅದೇ ವಾಷಿಂಗ್ಟನ್, ನಾಲ್ವರೂ ಕಪ್ಪು ಜನ, ಮೊದಲು ಜಾಜ್ ಫ್ಯೂಷನ್ ನುಡಿಸ್ತಿದ್ದವರು. ಹಾಗಾಗಿ ಎಷ್ಟೇ ವೇಗದಲ್ಲಿ ಹೋದರೂ ತಾಳ ತಪ್ಪಲ್ಲ. ಇಯಾನ್ ಮತ್ತವನ ಗೆಳೆಯರು ಇವರನ್ನ ನೋಡಿಯೇ ಕಲಿತದ್ದು. 1982ರ ಇವರ ಮೊದಲ ಆಲ್ಬಂ ಬಂದಿದ್ದು ಬರೀ ಕ್ಯಾಸೆಟ್ ರೂಪದಲ್ಲಿ. ಕವರ್ ಮೇಲೆ ಅಮೆರಿಕದ ಸಂಸತ್ ಭವನದ ಗುಮ್ಮಟಕ್ಕೆ ಸಿಡಿಲು ಹೊಡೀತಿರೋ ಚಿತ್ರ. ಒಂದೂವರೆ ನಿಮಿಷದ ಬಿರುಗಾಳಿಗಳ ನಡುವೆ ಇದ್ದಕ್ಕಿದ್ದ ಹಾಗೆ ನಿಧಾನವಾದ ರೆಗೇ ಬರತ್ತೆ. ಒಂದೇ ಒಂದು ಆಲ್ಬಂ ಕೇಳೋಷ್ಟು ತಾಳ್ಮೆ ಇರೋರಿಗೆ ನಾನು ಕೊಡೋದು ಇದನ್ನೇ.

ನ್ಯೂಯಾರ್ಕಿನ ಕ್ರೋ-ಮ್ಯಾಗ್ಸ್ ತಂಡದ 1986ರ ಆಲ್ಬಂ ಹೆಸರು 'ದಿ ಏಜ್ ಆಫ್ ಕ್ವಾರೆಲ್'. ಜಗಳದ ಯುಗ. ಏನು ಹೊಳೀತಾ? ಕಲಿಯುಗ! ಪ್ರಭುಪಾದರ ಇಂಗ್ಲಿಷ್ ಪುಸ್ತಕಗಳಲ್ಲಿ ಕಲಿಯುಗಕ್ಕೆ ಕೊಟ್ಟ ಅನುವಾದ ಅದು. ಅವರು 1966ರಲ್ಲಿ ಕೀರ್ತನೆ ಮಾಡಿದ ಟಾಂಪ್ಕಿನ್ಸ್ ಸ್ಕ್ವೇರ್ ಪಾರ್ಕಿನ ಸುತ್ತಮುತ್ತಲೇ ಮುಂದೆ ಪಂಕ್ ಹುಡುಗರು ಬೀಡುಬಿಟ್ಟಿದ್ದರು. ಹರೇ ಕೃಷ್ಣದವರು ಹಂಚುತ್ತಿದ್ದ ಪ್ರಸಾದ ಹಸಿದ ಹೊಟ್ಟೆಗೆ ಬೀಳ್ತಿತ್ತು, ಜೊತೆಗೆ ಗೀತೆಯೂ ಬಂತು. ಮೈತುಂಬ ಹಚ್ಚೆ ಹಾಕಿಸಿಕೊಂಡ ಜಗಳಗಂಟ ಹುಡುಗರು ಕಲಿಯುಗದ ಬಗ್ಗೆ ಕೂಗೋದನ್ನ ಕೇಳಿದರೆ ರಾಜಾಜಿನಗರದ ಇಸ್ಕಾನ್ ಕ್ಯೂ ನೆನಪಾಗಿ ನನಗೆ ನಗು ಬರತ್ತೆ :-) ಹಾಡುಗಳು ಮಾತ್ರ ನಗೋ ಅಂಥವಲ್ಲ, ಬೀದಿಯಲ್ಲಿ ಬದುಕಿದವರ ಹಾಡುಗಳು.

ಮಿನಿಟ್‌ಮೆನ್ ಬಗ್ಗೆ ಬರೆಯೋಕೆ ಹೋದರೆ ಇನ್ನೊಂದು ಲೇಖನ ಆಗತ್ತೆ. ಕ್ಯಾಲಿಫೋರ್ನಿಯಾದ ಸ್ಯಾನ್ ಪೆಡ್ರೋ ಅನ್ನೋ ಬಂದರು ಊರಿನ, ದುಡಿಯೋ ಮನೆಗಳ ಹುಡುಗರು. 1984ರ 'ಡಬಲ್ ನಿಕಲ್ಸ್ ಆನ್ ದ ಡೈಮ್'ನಲ್ಲಿ ನಲವತ್ತಕ್ಕೂ ಹೆಚ್ಚು ಪುಟ್ಟಪುಟ್ಟ ಹಾಡುಗಳಿವೆ. ಗಿಟಾರಿನ ಡಿ. ಬೂನ್, ಬೇಸ್‌ನ ಮೈಕ್ ವಾಟ್ ಚಿಕ್ಕಂದಿನ ಗೆಳೆಯರು. 1985ರ ಡಿಸೆಂಬರಲ್ಲಿ ವ್ಯಾನ್ ಅಪಘಾತದಲ್ಲಿ ಬೂನ್ ಸತ್ತ, ಆಗ ಅವನಿಗೆ 27 ವರ್ಷ. ಆ ಆಲ್ಬಂನಲ್ಲಿ ಇಬ್ಬರ ವಾದ್ಯಗಳು ಒಂದರ ಮಾತನ್ನ ಇನ್ನೊಂದು ಕಿತ್ತುಕೊಂಡು ಹರಟೆ ಹೊಡೆಯೋದನ್ನ ಕೇಳ್ತಿದ್ದರೆ ಅದು ನೆನಪಾಗಿ ಸಂಕಟ ಆಗತ್ತೆ.

ಕೊನೆಗೆ ಫುಗಾಝಿ. ಇಯಾನ್ 1987ರಲ್ಲಿ ಶುರು ಮಾಡಿದ ತಂಡ. '13 ಸಾಂಗ್ಸ್' (1989), ಆಮೇಲೆ 'ರಿಪೀಟರ್' (1990), ಈ ಕ್ರಮದಲ್ಲಿ ಕೇಳಿ. ಇಲ್ಲಿ ಬರೀ ವೇಗ ಅಲ್ಲ, ಹಾಡಿಗೆ ಉಸಿರಾಡೋ ಜಾಗ ಇದೆ. ಇವರ ಕಾರ್ಯಕ್ರಮಕ್ಕೆ ಟಿಕೆಟ್ಟು ಸಾಮಾನ್ಯವಾಗಿ ಐದೇ ಡಾಲರ್, ಯಾವ ವಯಸ್ಸಿನವರಾದರೂ ಬರಬಹುದು. ಒಳಗೆ ಯಾರಾದರೂ ಪಕ್ಕದವರನ್ನ ತಳ್ಳಿ, ಗುದ್ದಿ ಗಲಾಟೆ ಮಾಡಿದರೆ ಹಾಡು ನಿಲ್ಲಿಸಿ ಬುದ್ಧಿ ಹೇಳೋರು, ಕೇಳದಿದ್ದರೆ ಐದು ಡಾಲರ್ ವಾಪಸ್ ಕೈಗಿಟ್ಟು ಹೊರಗೆ ಕಳಿಸೋರು. 2003ರ ಸುಮಾರಿಗೆ ತಂಡ ನುಡಿಸೋದನ್ನ ನಿಲ್ಲಿಸಿತು. 2011ರಿಂದ ತಮ್ಮ ನೂರಾರು ಕಾರ್ಯಕ್ರಮಗಳ ಧ್ವನಿಮುದ್ರಣಗಳನ್ನ ಇಂಟರ್ನೆಟ್ಟಿಗೆ ಹಾಕುತ್ತಾ ಬಂದರು. ಅದಕ್ಕೆ ಇಟ್ಟ ಬೆಲೆಯೂ ಐದು ಡಾಲರ್. ಕೆಲವು ಮುದ್ರಣಗಳಲ್ಲಿ ಹಾಡಿಗಿಂತ ಹಾಡುಗಳ ನಡುವಿನ ಮಾತುಕತೆ, ಬೈಗುಳ, ನಗುವೇ ಚೆನ್ನಾಗಿದೆ. ಇಯರ್‌ಫೋನ್ ಹಾಕಿಕೊಂಡು ಕೇಳಿ, ವಾಲ್ಯೂಮ್ ಅರ್ಧಕ್ಕಿಂತ ಮೇಲೆ ಹೋಗದಿರಲಿ, ಕಿವಿ ಇರೋದು ಎರಡೇ.